ಹಳಿಯ ಮೇಲೆ ನಿಂತ ಜೀಪು

ನಂಜುಂಡಪ್ಪ ಏದುಸಿರು ಬಿಡುತ್ತ ಓಡಿ ಬರುವ ಹೊತ್ತಿಗೆ ಗೂಡ್ಸ್ ಗಾಡಿ ಮುಂದೆ ಹೋಗಿ ನಿಂತಿತ್ತು. ಅವನ ಜೀಪು ಹಳಿಯ ಪಕ್ಕದ ತಗ್ಗಿನಲ್ಲಿ ಮಗುಚಿ ಬಿದ್ದಿತ್ತು. ಅದರಾಚೆ, ಕತ್ತಾಳೆ ಮೆಳೆಯ ಬುಡದಲ್ಲಿ, ಯಾರೋ ತಮ್ಮ ಟವೆಲ್ಲನ್ನು ಹೆಣದ ಮುಖಕ್ಕೆ ಹೊದಿಸಿದ್ದರು.

"ಚಿಕ್ಕರಂಗಯ್ಯ ಕಣ್ರೀ, ನಿಮ್ಮ ಹಳೇ ಡ್ರೈವರ್ರು," ಅಂದ ಪಕ್ಕದ ತೋಟದ ಹಾಲಸ್ವಾಮಿ. "ನಿಮ್ಮ ಗಾಡಿ ಕದ್ಕೊಂಡು ಓಡ್ತಿದ್ನಾ?"

ನಂಜುಂಡಪ್ಪ ಆ ಟವೆಲ್ಲನ್ನೇ ನೋಡುತ್ತ ನಿಂತ. ನೆರೆದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಹೌದೆಂಬಂತೆ ತಲೆಯಾಡಿಸಿದ.

ಅದು ಮಾಮೂಲಿ ಜೀಪಲ್ಲ. ಮಿಲಿಟರಿ ಹರಾಜಿನಲ್ಲಿ ತಂದದ್ದು. ತಿಪಟೂರಿನ ಮೆಕ್ಯಾನಿಕ್ ಫಕ್ರುದ್ದೀನ್ ಅದರ ಬೆನ್ನು ಕತ್ತರಿಸಿ ಉದ್ದ ಮಾಡಿ, ಲಾರಿಯ ಹಾಗೆ ತೊಟ್ಟಿ ಕೂರಿಸಿ, ದಪ್ಪ ಟೈರು ಹಾಕಿಕೊಟ್ಟಿದ್ದ. ನಾಲ್ಕೂ ಚಕ್ರ ಎಳೆಯುತ್ತಿದ್ದವು. ಎತ್ತಿನ ಗಾಡಿ ಹೂತುಹೋಗುವ ಹಳ್ಳದ ಮರಳಿನಲ್ಲಿ ಅದು ತೆಂಗಿನಕಾಯಿ ತುಂಬಿಕೊಂಡು ಗುರುಗುಡುತ್ತ ಏರಿ ಬರುತ್ತಿತ್ತು. ಎಪ್ಪತ್ತೊಂಬತ್ತರಲ್ಲಿ ಅಂಥ ಗಾಡಿಗಳ ಮೇಲೆ ಕಳ್ಳರ ಕಣ್ಣು ಬಿತ್ತು. ಹಂದನಕೆರೆಯಲ್ಲಿ ಒಂದು ಹೋಯಿತು. ತುರುವೇಕೆರೆಯಲ್ಲಿ ಸಂತೆಯ ದಿನ, ಹಾಡಹಗಲೇ, ಇನ್ನೊಂದು.

ನಂಜುಂಡಪ್ಪ ಗಾಬರಿಬಿದ್ದು ಫಕ್ರುದ್ದೀನನ ಶೆಡ್ಡಿಗೆ ಹೋಗಿದ್ದ. ಚಿಕ್ಕರಂಗಯ್ಯನನ್ನು ಕೆಲಸದಿಂದ ತೆಗೆದು ಆಗಲೇ ಕೆಲವು ತಿಂಗಳಾಗಿದ್ದವು. ಫಕ್ರುದ್ದೀನ್ ಡ್ರೈವರ್ ಸೀಟಿನಡಿ, ಪೆಟ್ರೋಲ್ ಪೈಪಿಗೆ, ಒಂದು ಪುಟ್ಟ ನಲ್ಲಿ ಕೂರಿಸಿದ.

"ಇಳಿಯೋವಾಗ ಇದನ್ನ ತಿರುಗಿಸ್ಬುಡಿ ಗೌಡ್ರೇ. ಕಳ್ಳ ಸ್ಟಾರ್ಟ್ ಮಾಡ್ತಾನೆ, ಗಾಡೀನೂ ಹೊರಡ್ತದೆ. ಸ್ವಲ್ಪ ದೂರ ಹೋಗಿ ಪೆಟ್ರೋಲ್ ಬರದೆ ನಿಂತ್ಬುಡ್ತದೆ. ಗುಟ್ಟು ನಿಮ್ಮಲ್ಲೇ ಇರಲಿ. ಮನೆಯವರಿಗೂ ಹೇಳ್ಬೇಡಿ."

ಗಾಡಿ ಅವನು ಹೇಳಿದ ಹಾಗೇ ನಿಂತಿತ್ತು. ನಿಂತದ್ದು ಮಾತ್ರ ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ, ಹಳಿಯ ಮೇಲೆ.

ಸಬ್ ಇನ್‌ಸ್ಪೆಕ್ಟರ್ ಕೇಳಿದ್ದು ಸ್ವಲ್ಪವೇ.

"ಕೀ ಎಲ್ಲಿತ್ತು?"

"ಗಾಡೀಲೇ ಬಿಟ್ಟಿದ್ದೆ."

"ಅವನನ್ನ ಕೆಲಸದಿಂದ ಯಾಕೆ ತೆಗೆದ್ರಿ?"

"ಯುಗಾದಿ ಟೈಮಲ್ಲಿ ಮಾತಿಗೆ ಮಾತು ಬೆಳೀತು."

"ಹಗೆ ಇಟ್ಕೊಂಡಿದ್ದ ಅನ್ನಿ," ಎಂದು ಅವರೇ ಮುಗಿಸಿದರು.

ಅಲ್ಲೇ ದನ ಮೇಯಿಸುತ್ತಿದ್ದ ಮುದುಕಿ ಕಂಡದ್ದನ್ನು ಹೇಳಿದಳು. ರೈಲು ಕೂಗುತ್ತ ಬಂದರೂ ಅವನು ಓಡಲಿಲ್ಲವಂತೆ. ಇಳಿದು, ಹಿಂದಿನಿಂದ ಭುಜ ಕೊಟ್ಟು ಜೀಪನ್ನು ತಳ್ಳುತ್ತಲೇ ಇದ್ದನಂತೆ. "ಬುಟ್ಟು ಬಾರೋ ಅಂತ ಬಡ್ಕೊಂಡೆ ಕಣಪ್ಪ. ಕೇಳ್ಲಿಲ್ಲ."

"ಕದ್ದ ಮಾಲಿನ ಮೇಲೆ ಎಷ್ಟು ಆಸೆ ನೋಡು," ಅಂದ ಹಾಲಸ್ವಾಮಿ.

ನಲ್ಲಿಯ ಸುದ್ದಿ ಹಬ್ಬಿತು. ಫಕ್ರುದ್ದೀನನ ಶೆಡ್ಡಿನ ಮುಂದೆ ಜೀಪುಗಳು ಸಾಲುಗಟ್ಟಿದವು. ಎಲ್ಲರಿಗೂ ಅದೇ ನಲ್ಲಿ ಬೇಕಾಗಿತ್ತು. ಅವನು ಯಾರಿಗೂ ಮಾಡಿಕೊಡಲಿಲ್ಲ. ಒಂದು ಸಂಜೆ ನಂಜುಂಡಪ್ಪನ ತೋಟಕ್ಕೆ ಬಂದು ಕಾಯಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಕೊಂದಿದ್ದು ನನ್ನ ಕೈ ಗೌಡ್ರೇ. ಕಳ್ಳ ಆದ್ರೇನು, ಅವನೂ ಮನುಷ್ಯನೇ ಅಲ್ವಾ? ನಮಾಜಿಗೆ ನಿಂತ್ರೆ ಆ ಹಳೀನೇ ಕಣ್ಮುಂದೆ ಬರ್ತದೆ."

"ನಿಂದೇನೂ ತಪ್ಪಿಲ್ಲ ಫಕ್ರು."

"ನಲ್ಲಿ ವಿಷಯ ನೀವು ಮುಂಚೆ ಯಾರಿಗೂ ಹೇಳಿರ್ಲಿಲ್ಲ ತಾನೆ?"

ನಂಜುಂಡಪ್ಪ ಒಂದು ಕಾಯಿ ಎತ್ತಿ ರಾಶಿಯ ಮೇಲಿಟ್ಟ. "ಇಲ್ಲ," ಅಂದ. "ಯಾರಿಗೂ ಹೇಳ್ಲಿಲ್ಲ."

"ಮತ್ತೆ ನೀವ್ಯಾಕೆ ಹಿಂಗೆ ಸೊರಗ್ತೀರ? ನಿಮ್ಮ ತಪ್ಪೂ ಏನಿಲ್ಲ ಬಿಡಿ," ಎಂದು ಫಕ್ರುದ್ದೀನನೇ ಅವನನ್ನು ಸಮಾಧಾನ ಮಾಡಿ ಹೋದ.

ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ರೈಲಿನ ಕೂಗು ಕೇಳಿದರೆ ನಂಜುಂಡಪ್ಪ ಕೂತಲ್ಲಿಂದ ಎದ್ದು ಒಳಗೆ ಹೋಗುತ್ತಿದ್ದ. "ಕಳ್ಳನ ಸಾವಿಗೆ ನೀವ್ಯಾಕೆ ಉಪವಾಸ ಮಾಡ್ತೀರಿ?" ಎಂದು ಹೆಂಡತಿ ಪುಟ್ಟಗೌರಮ್ಮ ಗದರಿದಳು. ಮರುದಿನ ಅವನು ಎತ್ತಿನ ಗಾಡಿಗೆ ರಾಗಿ ಮೂಟೆ, ಕಾಯಿ ಹೇರಿಸಿಕೊಂಡು ಚಿಕ್ಕರಂಗಯ್ಯನ ಹಟ್ಟಿಗೆ ಹೊರಟ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಮನೆಯ ಮುಂದೆ ಇಳಿದಾಗ ಅದರಲ್ಲಿ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ.

ಚಿಕ್ಕರಂಗಯ್ಯನ ಹೆಂಡತಿ ಹುಚ್ಚಕ್ಕ ಮೂಟೆಯನ್ನು ನೋಡಿದಳು, ಅವನನ್ನು ನೋಡಿದಳು. ಓಡಿ ಬಂದು ಕಾಲು ಹಿಡಿದಳು.

"ನಿಮ್ಮ ಮನೆ ಅನ್ನ ತಿಂದು ನಿಮ್ಮ ಗಾಡಿಗೇ ಕೈ ಹಾಕ್ಬುಟ್ಟ ಗೌಡ್ರೇ! ಅವತ್ತು ನಾನು ಕೂಲಿಗೆ ಹೋಗಿದ್ದೆ. ಇದ್ದಿದ್ರೆ ತಡೀತಿದ್ದೆ. ಹೆಣ ಹೊರೋಕೂ ಜನ ಬರ್ಲಿಲ್ಲ. ಕಳ್ಳನ ಮಗಳು ಅಂತಾರೆ ಅಂತ ಈ ಕೂಸು ಇಸ್ಕೂಲಿಗೇ ಹೋಗ್ತಿಲ್ಲ."

ಬಾಗಿಲ ಸಂದಿಯಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕಣ್ಣು ಅಪ್ಪನದೇ.

"ಕ್ಷಮಿಸ್ದೆ ಅಂತ ಒಂದ್ಮಾತು ಅಂದ್ಬುಡಿ," ಹುಚ್ಚಕ್ಕ ಪಾದ ಬಿಡಲಿಲ್ಲ. "ಅಷ್ಟಾದ್ರೂ ಆ ಜೀವಕ್ಕೆ ನೆಮ್ಮದಿ ಸಿಗ್ಲಿ."

ನಂಜುಂಡಪ್ಪ ಅವಳನ್ನು ಎತ್ತಲು ಬಾಗಿದ. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು.

"ಕ್ಷಮಿಸಿದೀನಿ ಕಣಮ್ಮ. ಏಳು," ಅಂದ.

ಹುಚ್ಚಕ್ಕ ಎದ್ದು ಕೈಮುಗಿದಳು. "ದೇವರಂಥೋರು," ಅಂದರು ಬೀದಿಯವರು.

ಜೀಪು ಹಳಿಯ ಮೇಲೆ ನಿಂತ ದಿನ ಬೆಳಿಗ್ಗೆ ಚಿಕ್ಕರಂಗಯ್ಯನನ್ನು ಅವನ ಹೊಲದಿಂದ ಕೂಗಿ ಕರೆದು, "ಹಳೇದೆಲ್ಲ ಬುಡ್ಲಾ, ಇವತ್ತಿಂದ್ಲೇ ಕೆಲಸಕ್ಕೆ ಬಾ, ತಿಪಟೂರಿಗೆ ಹೋಗಿ ಬರ್ಬೇಕು" ಎಂದು ಜೀಪಿನ ಕೀ ಅವನ ಕೈಗೆ ಕೊಟ್ಟವನು ನಂಜುಂಡಪ್ಪನೇ. ನಲ್ಲಿಯ ಮಾತು ಹೇಳಲು ಮರೆತವನೂ ಅವನೇ.