ಶ್ರುತಿಪೆಟ್ಟಿಗೆಯ ಡಿಸ್‌ಪ್ಲೇ

"ಆಗಿಂದ ಕೆದಕ್ತಾ ಕೂತಿದ್ದೀಯಲ್ಲಯ್ಯ, ಒಂದು ಡಿಸ್‌ಪ್ಲೇ ಬದಲಾಯಿಸೋಕೆ ಬರಲ್ವೇ?" ಶ್ರುತಿಪೆಟ್ಟಿಗೆ ರಿಪೇರಿಗೆ ಬಂದವನನ್ನು ಸಂಗೀತ ವಿದ್ವಾಂಸರು ಒಳಕೋಣೆಯಿಂದಲೇ ಹಂಗಿಸಿದರು. "ಎಪ್ಪತ್ತಾದರೂ ನನ್ನ ಶ್ರುತಿ ಕೂದಲೆಳೆಯಷ್ಟೂ ಇಳಿದಿಲ್ಲ. ನೀವು ಈಗಿನವರು ಯಾವುದಕ್ಕೂ ಲಾಯಕ್ಕಿಲ್ಲ!"

ಶ್ರುತಿ ಎಷ್ಟಿದೆಯೆಂದು ತೋರಿಸುವ ಹೊಸ ಡಿಸ್‌ಪ್ಲೇ ಆಗಲೇ ಬೆಳಗುತ್ತಿತ್ತು. ವಿದ್ವಾಂಸರ ಹೆಂಡತಿ ಅದನ್ನು ಸೆರಗಿನಿಂದ ಮುಚ್ಚಿದರು.

"ಹಳೇದನ್ನ ಕೆಡಿಸಿದ್ದು ನಾನೇ ಕಣಪ್ಪ," ಎಂದು ಪಿಸುಗುಟ್ಟಿದರು. "ಅವರ ದನಿ ಇಳಿದಿದೆ. ದಿನಾ ಅದಕ್ಕೆ ತಕ್ಕಂತೆ ಶ್ರುತಿ ಇಳಿಸಿಡ್ತೀನಿ. ಇದನ್ನ ನೋಡಿದ್ರೆ ಹಾಡೋದನ್ನೇ ಬಿಟ್ಟುಬಿಡ್ತಾರೆ."

"ಆಯ್ತೇನಯ್ಯ, ಮಹಾ ಪಂಡಿತ?" ಒಳಗಿನಿಂದ ಮತ್ತೆ ದನಿ ಬಂತು.

ಅವನು ಹೊಸ ಡಿಸ್‌ಪ್ಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

"ಇಲ್ಲ ಗುರುಗಳೇ, ನನ್ನ ಕೈಲಾಗಲಿಲ್ಲ."