ಗಂಗೊಳ್ಳಿಯಲ್ಲಿ ರಿಪೇರಿ

ಊರುಗಳು ನೀರಿನಲ್ಲಿ ತೇಲತೊಡಗಿದ ಮೇಲೆ ನೆಂಟರ ಮನೆಗೂ ಹಾಯಿದೋಣಿಯೇ ಗತಿ. ಮಗಳು ಸುಗುಣಳ ಬಾಣಂತನ ಮಾಡಲು ನಾನೂ ನನ್ನ ಗಂಡನೂ ಮರವಂತೆಗೆ ಹೊರಟಿದ್ದೆವು. ನಡುವೆ ಚುಕ್ಕಾಣಿ ಮುರಿದದ್ದರಿಂದ ಎದುರು ಸಿಕ್ಕ ಗಂಗೊಳ್ಳಿಗೆ ದೋಣಿ ಕಟ್ಟಿದೆವು.

“ನಾಳಿಗ್ ಆತ್ತ್ ಅಕ್ಕ,” ಎಂದು ಬಡಗಿ ಮಂಜಯ್ಯ ದಿನವೂ ಹೇಳುತ್ತಿದ್ದ. ಗಂಗೊಳ್ಳಿ ಮಾತ್ರ ನಿಲ್ಲದೆ ತೇಲುತ್ತಿತ್ತು.

ಇವತ್ತು ಬೆಳಿಗ್ಗೆ ನಾನು ಗಂಜಿ ಬಡಿಸುತ್ತಿದ್ದಾಗ ಮರವಂತೆಯೇ ಎದುರಿಗೆ ಬಂತು! ದೋಣಿ ಕಟ್ಟುವ ದಕ್ಕೆಯ ಮೇಲೆ ಸುಗುಣ ನಿಂತಿದ್ದಳು, ತೋಳಲ್ಲಿ ಮಗು.

“ನಾವ್ ಮುಟ್ಟಿದ್ದಾ, ಊರೇ ಬಂದದ್ದಾ?” ಎಂದರು ಇವರು. ಹಗ್ಗ ಎಸೆದೆ, ಉದ್ದ ಸಾಲಲಿಲ್ಲ. ಮರವಂತೆ ಹಿಂದೆ ಸರಿಯತೊಡಗಿತು.

“ಅಮ್ಮಾ, ನಿಲ್ದೇ ಎಲ್ಲಿಗ್ ಹೋತ್ರಿ?” ಎಂದು ಸುಗುಣ ಅಳುತ್ತ ಕೂಗಿದಳು.

ನಾವು ಕಟ್ಟಿಹಾಕಿದ ದೋಣಿಯಲ್ಲೇ ಕೂತಿದ್ದೆವು.