ಕಡತದಿಂದ ತೆಗೆದ ಮಾತು

“ಕೆರೆ ಮುಚ್ಚೋ ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಅಲ್ಲಿ ಸೈಟು ತಗೊಂಡಿದ್ದು ನಾವೆಲ್ಲ,” ಎಂದು ಮುದಿ ಶಾಸಕರು ಹೇಳಿದಾಗ ಸದನದ ಶೀಘ್ರಲಿಪಿಗಾರ್ತಿ ತಲೆಯೆತ್ತಿ ನೋಡಿದಳು. ನೀರಿಲ್ಲ, ಸೂರಿಲ್ಲ, ಬೆಲೆ ಕೈಗೆಟುಕುತ್ತಿಲ್ಲ ಎಂದು ಎರಡೂ ಪಕ್ಷದವರು ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ದನ್ನೇ ಅವಳು ಬೆಳಗಿನಿಂದ ಪುಟಗಟ್ಟಲೆ ಬರೆದುಕೊಂಡಿದ್ದಳು.

ಈಗ ಎರಡೂ ಪಕ್ಷದವರು ಒಟ್ಟಿಗೇ ಎದ್ದು ನಿಂತರು. “ಆ ಮಾತು ಕಡತದಿಂದ ತೆಗೆಸಿ, ಸಭಾಧ್ಯಕ್ಷರೇ.”

“ತೆಗೀರಮ್ಮ,” ಎಂದರು ಸಭಾಧ್ಯಕ್ಷರು, ಅವಳತ್ತ ನೋಡದೆಯೇ.

ಬಾಡಿಗೆ ಕಟ್ಟಲಾಗದೆ ಅಕ್ಕನ ಮನೆಯ ಪಡಸಾಲೆ ಸೇರಿದ್ದ ಅವಳು, ಅಲ್ಲೂ ನೀರು ಬಾರದೆ, ಇಂದು ಮುಖ ತೊಳೆದದ್ದೂ ಕಚೇರಿಯ ನಲ್ಲಿಯಲ್ಲೇ. ಇಪ್ಪತ್ತು ವರ್ಷಗಳಿಂದ ಇಂಥ ಮಾತುಗಳನ್ನು ಕಪ್ಪಗೆ ಗೀಚಿ ಮುಚ್ಚುತ್ತಿದ್ದವಳು, ಈ ಸಲ ಪ್ರತಿ ಅಕ್ಷರವೂ ಕಾಣುವಂತೆ ಕೂದಲೆಳೆಯಷ್ಟು ತೆಳುವಾಗಿ ಒಂದೇ ಒಂದು ಗೆರೆ ಎಳೆದಳು.